ಒಂದು ಲೋಟ ಮೈದಾದ ತೂಕ

ಹೆಂಡತಿ ಬಾಣಂತಿ ಮಗಳ ಮನೆಗೆ ಹೊರಟಾಗ ಬಟ್ಟೆಗಳ ನಡುವೆ ತನ್ನ ಅಳತೆಯ ಲೋಟವನ್ನೂ ಇಟ್ಟುಕೊಂಡು ಹೋದದ್ದೇ ಈ ಅನರ್ಥಕ್ಕೆಲ್ಲ ಮೂಲ. ಅಂದಿನಿಂದ ಮನೆಯಲ್ಲಿ ಅವಳೂ ಇರಲಿಲ್ಲ, ಲೋಟವೂ ಇರಲಿಲ್ಲ. ತಕ್ಕಡಿ ಸಾಹೇಬರು ಬಾಯಿಬಿಟ್ಟು ದೂರುತ್ತಿದ್ದದ್ದು ಲೋಟದ ಕೊರತೆಯನ್ನು ಮಾತ್ರ.

ಅಂಗಡಿಗಳ ತಕ್ಕಡಿ, ಅಳತೆಪಾತ್ರೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಇಲಾಖೆಯಲ್ಲಿ ಕೂದಲು ನರೆಸಿಕೊಂಡು ನಿವೃತ್ತರಾದವರು ಅವರು.

"ಏನು ತಿಂತಿದ್ದೀರೋ ಏನೋ, ನನಗಿಲ್ಲಿ ತುತ್ತು ಇಳೀತಿಲ್ಲ. ನಾಳೆ ರೈಲಿಗೆ ಬಂದ್ಬಿಡ್ತೀನಿ" ಎಂದು ಹೆಂಡತಿ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು. ಅವಳು ಒಳಗೆ ಕಾಲಿಡುವಾಗ ಮನೆಯಲ್ಲಿ ಅವಳದೇ ಕೇಕಿನ ಪರಿಮಳ ತುಂಬಿರಬೇಕೆಂದು ಸಾಹೇಬರಿಗೆ ಆಸೆಯಾಯಿತು. ಎರಡು ಲೋಟ ಮೈದಾ, ಒಂದು ಲೋಟ ಸಕ್ಕರೆ, ಅರ್ಧ ಲೋಟ ಬೆಣ್ಣೆ ಎಂಬ ಅವಳ ಗೊಣಗಾಟ ಅವರಿಗೆ ಬಾಯಿಪಾಠವಾಗಿತ್ತು.

ಲೋಟವಿಲ್ಲದಿದ್ದರೇನು, ತಕ್ಕಡಿಯಿತ್ತು. ಆ ಲೋಟಕ್ಕೆ ಅವರೇ ಒಮ್ಮೆ ನೀರು ತುಂಬಿ ತೂಗಿದ್ದರು. ಇಲಾಖೆಯಲ್ಲಿ ಅಳತೆಪಾತ್ರೆಯ ಪರೀಕ್ಷೆ ನಡೆಯುತ್ತಿದ್ದದ್ದೇ ಹಾಗೆ. ಇನ್ನೂರು ಮಿಲಿಲೀಟರ್, ಇನ್ನೂರು ಗ್ರಾಂ. ಆದ್ದರಿಂದ ನಾನೂರು ಗ್ರಾಂ ಮೈದಾ ತೂಗಿದರು. ತಕ್ಕಡಿಯ ಮುಳ್ಳು ನಡುವೆ ಅಲುಗದೆ ನಿಂತಿತು.

ಓವನ್ನಿನಿಂದ ಹೊರಬಂದದ್ದನ್ನು ಇಳಿಸಿದಾಗ ಮೇಜು ನರಳಿತು. ಸುಟ್ಟ ವಾಸನೆಗೆ ಪಕ್ಕದ ಮನೆಯ ಟೈಲರ್ ಓಡಿ ಬಂದ. ಬೆಂದಿದೆಯೇ ನೋಡೋಣವೆಂದು ಜೇಬಿನ ಸೂಜಿ ತೆಗೆದು ಚುಚ್ಚಿದ. ಸೂಜಿ ಬಾಗಿತು.

"ಸಾಹೇಬ್ರೇ, ನಾನು ಚರ್ಮದ ಚೀಲ ಹೊಲಿದೋನು. ಇಂಥದ್ದು ಕಂಡಿಲ್ಲ!"

ಅವನ ಹಿಂದೆಯೇ ಹೆಂಡತಿಯ ಗೆಳತಿ, ಎದುರುಮನೆಯಾಕೆ, ಬಂದಳು. "ಹಿಟ್ಟು ಎಷ್ಟು ಹಾಕಿದ್ರಿ ಭಾವಾ?"

"ಎರಡು ಲೋಟ. ನಾನೂರು ಗ್ರಾಂ."

"ಅಯ್ಯೋ, ಅದು ನೀರಿನ ಲೆಕ್ಕ! ಮೈದಾನೂ ನೀರೂ ಒಂದೇ ತೂಕ ಅಂತ ಯಾರು ಹೇಳಿದ್ರು?"

ಊರಿನ ವರ್ತಕರನ್ನೆಲ್ಲ ನಡುಗಿಸಿದ್ದ ಸಾಹೇಬರು ತಕ್ಕಡಿಯ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡಿದರು.

ಎದುರುಮನೆಯಲ್ಲಿ ಅದೇ ಲೋಟದ ಜೋಡಿಯಿತ್ತು. ಗೆಳತಿಯರಿಬ್ಬರೂ ಒಟ್ಟಿಗೆ ಕೊಂಡದ್ದು. ಅದು ಬಂದಿತು. ಟೈಲರ್ ಹಿಟ್ಟು ತುಂಬಿ, ಕುಟ್ಟಿ ಕುಟ್ಟಿ ಒತ್ತಿದ. ನೂರಮೂವತ್ತು ಗ್ರಾಂ ತೂಗಿತು.

"ದಿಂಬಿಗೆ ಹತ್ತಿ ತುರುಕ್ತಿದ್ದೀಯೇನಪ್ಪಾ?" ಎಂದು ಅವಳು ಲೋಟ ಕಿತ್ತುಕೊಂಡಳು. "ಅಕ್ಕ ಕುಟ್ಟೋದೇ ಇಲ್ಲ. ಸಡಿಲವಾಗಿ ತುಂಬಿ ಬೆರಳಲ್ಲಿ ಸವರ್ತಾಳೆ. ಇಷ್ಟು ವರ್ಷ ನೋಡೇ ಇಲ್ವಾ ಭಾವಾ?"

ನೋಡಿದ್ದರು. ಸವರಿದ ಮೇಲೆ ಆ ಬಿಳಿಯ ಬೆರಳನ್ನು ಹೆಂಡತಿ ಒರೆಸುತ್ತಿದ್ದದ್ದು ಇವರ ಕೆನ್ನೆಗೆ. ಕಚೇರಿಗೆ ಹೊರಟವರು ಎಷ್ಟು ಗದರಿದರೂ ಬಿಟ್ಟವಳಲ್ಲ. ಸಾಹೇಬರು ತಾವೇ ಲೋಟ ತುಂಬಿ, ಅವಳಂತೆಯೇ ಸವರಿ ತೂಗಿದರು. ನೂರಹತ್ತು ಗ್ರಾಂ. ಬಳಿಕ ಹಿಟ್ಟಾದ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಎತ್ತಿ ಹಿಡಿದು ನಿಂತರು.

"ಯಾಕೆ ಸಾಹೇಬ್ರೇ, ಕ್ಲಾಸಲ್ಲಿ ಉತ್ತರ ಹೇಳೋ ಹಾಗೆ ಬೆರಳೆತ್ತಿದ್ದೀರಿ?" ಎಂದ ಟೈಲರ್.

ಸಕ್ಕರೆ, ಬೆಣ್ಣೆಗಳನ್ನೂ ಹಾಗೆಯೇ ಲೋಟದಿಂದ ತಕ್ಕಡಿಗೆ ಇಳಿಸಿದರು. ಎರಡನೆಯ ಕೇಕು ಹತ್ತಿಯಂತೆ ಉಬ್ಬಿತು. ಒಂದು ಚೂರು ಬಾಯಿಗಿಟ್ಟ ಸಾಹೇಬರು, ಅರಿಯದೆಯೇ, ಒಲೆಯ ಬಳಿ ಅವಳು ನಿಲ್ಲುತ್ತಿದ್ದ ಜಾಗದ ಕಡೆಗೆ ತಿರುಗಿದರು.

ಎದುರುಮನೆಯಾಕೆಗೆ ಬಾಯಿ ತಡೆಯಲಿಲ್ಲ. ಆಗಲೇ ಫೋನ್ ಹಚ್ಚಿದ್ದಳು. "ಅಕ್ಕಾ, ಭಾವ ಕೇಕು ಮಾಡಿದ್ದಾರೆ! ನಿನ್ನದಕ್ಕಿಂತ ಒಂದು ಕೈ ಮೇಲು!"

"ನಿಜವಾಗ್ಲೂ?" ಆಚೆಯ ದನಿ ಎಲ್ಲರಿಗೂ ಕೇಳಿಸುವಷ್ಟು ಅರಳಿತು. "ಅಬ್ಬ, ಎದೆ ಭಾರ ಇಳೀತು ಕಣೇ. ಅವರು ಉಪವಾಸ ಬಿದ್ದಿರ್ತಾರೆ ಅಂತ ತಾನೇ ನಾನು ಹೊರಟಿದ್ದು! ಈ ಕೂಸನ್ನ ಬಿಟ್ಟು ಬರೋಕೆ ಮನಸ್ಸೇ ಇರ್ಲಿಲ್ಲ. ನಾಳಿನ ಟಿಕೆಟ್ ರದ್ದು ಮಾಡಿಸ್ತೀನಿ. ಇನ್ನೆರಡು ತಿಂಗಳು ಇಲ್ಲೇ ಇರ್ತೀನಿ."

ಸಾಹೇಬರು ಫೋನ್ ಕಸಿದುಕೊಂಡರು. "ಇಲ್ಲ ಕಣೇ, ಮೊದಲನೇದು ಕಲ್ಲಾಗಿತ್ತು. ಸೂಜಿಯೇ ಬಾಗಿತು!"

"ಸಾಕು ಸುಮ್ನಿರಿ, ಹೊಗಳಿದ್ರೆ ನಾಚ್ಕೋತೀರಲ್ಲ!" ನಗುತ್ತಲೇ ಅವಳು ಫೋನ್ ಇಟ್ಟಳು.

ಟೈಲರ್ ಮೊದಲನೆಯ ಕೇಕನ್ನು ಎರಡೂ ಕೈಯಲ್ಲಿ ಎತ್ತಿದ. "ಇದನ್ನ ಆಚೆ ಎಸೆದುಬಿಡ್ಲಾ ಸಾಹೇಬ್ರೇ?"

ಸಾಹೇಬರು ಅದನ್ನು ಇಸಿದುಕೊಂಡು ತಕ್ಕಡಿಯ ಪಕ್ಕದಲ್ಲಿ ಜೋಪಾನವಾಗಿ ಇಟ್ಟರು.

"ಬೇಡಪ್ಪಾ. ಅಳತೆ ಸರಿಯಾಗಿದ್ದದ್ದು ಇದರದ್ದೇ."