ಓರೆ ಅಕ್ಷರದ ಡ್ರಮ್ಮುಗಳು

ದಪ್ಪನೆಯ ಓರೆ ಅಕ್ಷರ ಕಂಡರೆ ಯಲ್ಲಾಲಿಂಗನಿಗೆ ಹಸಿವು ನೀರಡಿಕೆ ಎರಡೂ ಮರೆತುಹೋಗುತ್ತಿದ್ದವು. ಚೆಂಬೂರಿನ ಬೋರ್ಡು ಅಂಗಡಿಯಲ್ಲಿ ಹದಿನೆಂಟು ವರ್ಷ ಅವನು ಬರೆದದ್ದು ಅದನ್ನೇ: ಜಿಮ್ಮಿಗೆ, ಟೈರಿನ ಅಂಗಡಿಗೆ, ಭಾರಿ ಸೇಲಿಗೆ. ನೆಟ್ಟಗಿನ ಅಕ್ಷರ ರೇಷನ್ ಸಾಲಿನಲ್ಲಿ ನಿಂತಂತೆ ನಿಂತಿರುತ್ತದೆ. ಓರೆ ಅಕ್ಷರವಾದರೋ, ಲೋಕಲ್ ರೈಲಿನ ಬಾಗಿಲಲ್ಲಿ ಗಾಳಿಗೆ ಎದೆಯೊಡ್ಡಿ ಮುಂದೆ ಬಾಗಿದ ವೀರಾಗ್ರಣಿ! ಅದರ ಗುಂಡು ಹೊಟ್ಟೆ, ಹಾರುವ ತಲೆಕಟ್ಟು ನೆನೆಯುತ್ತ ಅವನು ಎಷ್ಟೋ ಸಂಜೆ ತಾನಿಳಿಯಬೇಕಾದ ವಿಕ್ರೋಳಿ ದಾಟಿ ಠಾಣೆಗೆ ಹೋಗಿ ಇಳಿದಿದ್ದಾನೆ.

ಕೊರಗು ಒಂದೇ. ಹೆಂಡತಿ ಶಿವಕುಮಾರಿ ಆ ಅಕ್ಷರವನ್ನು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಅವಳ ಬಾಯಿಂದ ಒಂದು 'ಭೇಷ್' ಕೇಳಬೇಕು. ಅಷ್ಟಾದರೆ ಜನ್ಮ ಸಾರ್ಥಕ.

ಒಂದು ಭಾನುವಾರ ದಿವ್ಯ ಯೋಚನೆಯೊಂದು ಹೊಳೆಯಿತು. ಅವರ ಸಾಲುಮನೆಯ ಚಾಳಿನಲ್ಲಿ ಐದು ಮನೆಗೆ ಒಂದು ನಲ್ಲಿ, ಅದರ ಮುಂದೆ ಐದು ಡ್ರಮ್ಮು. ಒಂದರ ಮೇಲೆ ಸುಟ್ಟ ಕಲೆ, ಇನ್ನೊಂದರ ಮೇಲೆ ಕುಂಕುಮ, ಶಿವಕುಮಾರಿಯದರ ಮೇಲೆ ಸುಣ್ಣ ಚೆಲ್ಲಿದ ಕಲೆ. (ಥೂ, ಇದೂ ಒಂದು ನೋಟವೇ?) ಎಲ್ಲವನ್ನೂ ಬಿಸಿಲಿಗೆ ಎಳೆದು, ಹಳದಿ ಬಣ್ಣ ಬಳಿದು, ಒಡತಿಯರ ಹೆಸರನ್ನು ಕೆಂಪಿನಲ್ಲಿ ಬರೆಯತೊಡಗಿದ.

"ಅಣ್ಣಾ, ದಾನವ್ವಂದು ಅಷ್ಟು ದಪ್ಪ, ನಂದ್ಯಾಕ ಸಣ್ಣ?" ಅಂದಳು ಪಕ್ಕದ ಮನೆಯ ಇಂದ್ರಾಬಾಯಿ, ಆಚೆ ಮನೆಯ ದಾನವ್ವನ ಡ್ರಮ್ಮು ನೋಡಿ.

ದಪ್ಪಕ್ಕೆ ದಪ್ಪ ಸೇರಿ ಹೆಸರುಗಳು ಡ್ರಮ್ಮನ್ನು ಸುತ್ತಿ ಬಾಲಕ್ಕೆ ತಲೆ ಮುಟ್ಟಿದವು. ಒಣಗಿದ ಮೇಲೆ ಕೈಗೆ ಸಿಕ್ಕ ಕ್ರಮದಲ್ಲಿ ಮತ್ತೆ ಸಾಲಿಗೆ ನಿಲ್ಲಿಸಿದ.

ಸೋಮವಾರ ಬೆಳಿಗ್ಗೆ ನೀರು ಬಂತು. ಯಲ್ಲಾಲಿಂಗ ಚಹಾ ಹಿಡಿದು ಹೊಸ್ತಿಲಲ್ಲಿ ಕೂತಿದ್ದ. ಐದೂ ಡ್ರಮ್ಮು ಕುರ್ಲಾದ ಕಡೆ ಓಡಲು ಬಾಗಿ ನಿಂತಂತಿದ್ದವು. ಸಂತೋಷಕ್ಕೆ ಅವನ ಕಣ್ಣು ತುಂಬಿತು.

"ರೀ! ನಮ್ಮ ಡ್ರಮ್ ಯಾವುದ್ರೀ?"

"ಬರದೈತಲ್ಲ, ಓದು. ಎಷ್ಟು ಚೆಂದ ಬಾಗೈತಿ ನೋಡು."

"ಎದುರಿಗೆ ಒಂದ ಅಕ್ಷರ ಕಾಣತೈತಿ. ಓದಾಕ ಪ್ರದಕ್ಷಿಣಿ ಹಾಕಬೇಕು!"

ನಿಜವಾಗಿಯೂ ಐದು ಹೆಂಗಸರು ಐದು ಡ್ರಮ್ಮುಗಳನ್ನು ಸುತ್ತುತ್ತಿದ್ದರು. ನಲ್ಲಿಯ ಪೈಪು ಗಟಾರಕ್ಕೆ ಅಭಿಷೇಕ ಮಾಡುತ್ತಿತ್ತು. ದಾನವ್ವ ಅವಸರದಲ್ಲಿ ಇಂದ್ರಾಬಾಯಿಯ ಡ್ರಮ್ಮು ತುಂಬಿಸಿ ಜಗಳಕ್ಕೆ ನಿಂತಳು.

"ನನ್ನ ಸುಣ್ಣದ ಕಲಿ ಎಲ್ಲಿ ಹೋತು?" ಶಿವಕುಮಾರಿ ಗಂಡನತ್ತ ತಿರುಗಿದಳು.

"ಹೊಲಸ ಕಾಣತಿತ್ತಂತ ಬಣ್ಣ ಹಚ್ಚಿ ಮುಚ್ಚೀನಿ. ಈಗ ನಿನ್ನ ಹೆಸರ ಐತಲ್ಲ!"

"ಅಯ್ಯೋ, ಆ ಕಲಿನ ನನ್ನ ಹೆಸರಾಗಿತ್ರೀ!"

ಗೊರ್ ಎಂದು ನಲ್ಲಿ ನಿಂತಿತು. ಶಿವಕುಮಾರಿಯ ಡ್ರಮ್ಮಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಅವಳು ಒಳಗೆ ಹೋಗಿ, ಗಂಡ ಹಬ್ಬಕ್ಕೆಂದು ಮಡಿಸಿಟ್ಟಿದ್ದ ಹೂವಿನ ಶರ್ಟು ಹಿಡಿದು ಬಂದಳು. ಪರ್ರನೆ ಹರಿದಳು.

"ತೋಳು ದಾನವ್ವಗ. ಕಾಲರ್ ಇಂದ್ರಾಬಾಯಿಗ. ಗುಂಡಿಪಟ್ಟಿ, ಬೆನ್ನು ಆ ಇಬ್ಬರಿಗೆ. ಕಿಸೆ ನಮಗ. ಕಟ್ಟಿಕೊಳ್ರವ್ವಾ!"

ಕಿಸೆಯನ್ನು ತನ್ನ ಡ್ರಮ್ಮಿನ ಕಿವಿಗೆ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ಬಹಳ ಹೊತ್ತು ನೋಡಿದಳು. ಯಲ್ಲಾಲಿಂಗ ಚಹಾ ಕೆಳಗಿಟ್ಟು ಎದ್ದು ನಿಂತ.

"ಭೇಷ್! ಈಗ ನೋಡ್ರಿ, ದೂರದಿಂದನ ಗುರುತು ಸಿಗತೈತಿ."

ಆಮೇಲೆ ಅವನ ಕೈಗೆ ಕೊಡ ಕೊಟ್ಟಳು. ಅಂದು ಯಲ್ಲಾಲಿಂಗ ಅಂಗಡಿಗೆ ಹೋಗಲಿಲ್ಲ. ಬರಿ ಬನಿಯನ್ನಿನಲ್ಲಿ, ತುಂಬಿದ ಕೊಡ ಹೆಗಲಿಗೇರಿಸಿ, ಹಿಂಬದಿಯ ಚಾಳಿನ ನಲ್ಲಿಯಿಂದ ಹತ್ತು ಸಲ ಅದೇ ಓರೆಯಲ್ಲಿ ಮುಂದೆ ಬಾಗಿ ನಡೆದು ಬಂದ.