ಎಂಟಡಿ ಜಾಗ

ಆಟದ ಪೆಟ್ಟಿಗೆಯ ಮೇಲೆ ಬರೆದಿತ್ತು: ಸುತ್ತ ಎಂಟಡಿ ಖಾಲಿ ಜಾಗ ಬೇಕು. ನಟರಾಜ ಅವರ ವಿಶಾಖಪಟ್ಟಣದ ಬಾಡಿಗೆ ಮನೆಯ ಹಾಲ್‌ನಲ್ಲಿ ಖಾಲಿ ಇದ್ದದ್ದು ಸೂರು ಮಾತ್ರ.

ಬ್ಯಾಂಕು ಅವರನ್ನು ವಿಜಯವಾಡದಿಂದ ಇಲ್ಲಿಗೆ ವರ್ಗ ಮಾಡಿದಾಗ ಹೆಂಡತಿ ಪಂಕಜಾ, ಮಗ ಸಾತ್ವಿಕ್ ಅಲ್ಲೇ ಉಳಿದರು. ತೊಂಬತ್ತರ ತಾಯಿ ಕಮಲಾಕ್ಷಿ ಇವರ ಜೊತೆ ಬಂದರು. ಫೋನಿನಲ್ಲಿ ಮಗನ ಮಾತು ‘ಊಂ’ ದಾಟುತ್ತಿರಲಿಲ್ಲ. ಅಂಥವನು ಮೊನ್ನೆ ತಾನಾಗಿಯೇ ಫೋನ್ ಮಾಡಿದ್ದ. ಅಪ್ಪನಿಗೆ ಅವನು ಅಲ್ಲಿನವರಂತೆ ‘ನಾನ್ನಾ’ ಎನ್ನುತ್ತಿದ್ದ. “ನಾನ್ನಾ, ನೀವೂ ನನ್ನ ಹಾಗೆ ಕಣ್ಣಿಗೆ ಕಟ್ಟಿಕೊಳ್ಳೋ ವಿಆರ್ ಹೆಡ್‌ಸೆಟ್ ತಗೊಳ್ಳಿ. ಭಾನುವಾರ ಹನ್ನೊಂದಕ್ಕೆ ಇದ್ದಲ್ಲಿಂದಲೇ ಟೇಬಲ್ ಟೆನಿಸ್ ಆಡೋಣ. ಸೋಮವಾರ ನಾನು ಹಾಸ್ಟೆಲ್‌ಗೆ. ಅಲ್ಲಿ ಇದೆಲ್ಲ ಬಿಡಲ್ಲ.”

ಭಾನುವಾರ ತಾಯಿ ಒಳಗೆ ಮಲಗಿದ್ದಾಗ ನಟರಾಜ ಮಂಚ, ಕುರ್ಚಿಗಳನ್ನು ಪ್ಯಾಸೇಜಿಗೆ ಸಾಗಿಸಿದರು. ಕಣ್ಣು ಮುಚ್ಚಿದ್ದರೂ ನಡುಮಧ್ಯ ಎಲ್ಲೆಂದು ಕಾಲಿಗೆ ತಿಳಿಯಲಿ ಎಂದು ಒಂದು ಚಾಪೆ ಹಾಸಿದರು. ಮಂಚದಡಿಯ ಧೂಳಿಗೆ ಕಣ್ಣು ಕೆಂಪಾಗಿ ಮೂಗು ಸೋರುತ್ತಿತ್ತು.

ಹಿಂದೆ ರಾಯಚೂರಿನಲ್ಲಿದ್ದು ಕನ್ನಡ ಕಲಿತಿದ್ದ, ಆದರೂ ಮಾತಿಗೆ ತೆಲುಗಿನ ಮರ್ಯಾದೆಯ ‘ಅಂಡಿ’ ಸೇರಿಸುವ ಎದುರುಮನೆಯ ಉಮಾದೇವಿ ಬಾಗಿಲಲ್ಲಿ ನಿಂತು ನೋಡಿದರು. ಮಂಚ ಹೊರಗೆ. ಹಾಲ್ ಖಾಲಿ. ನಡುವೆ ಒಂದೇ ಚಾಪೆ.

“ಧೈರ್ಯವಾಗಿರಿ ಅಂಡಿ. ನಾವಿದ್ದೀವಿ,” ಎಂದು ಸರಸರ ಹೋದರು.

ಆಮೇಲೆ ಮಂಚ ಒಳಗಿಡಲು ಕೈ ಜೋಡಿಸುತ್ತಾರೇನೋ ಎಂದುಕೊಂಡ ನಟರಾಜ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೆಡ್‌ಸೆಟ್ ಏರಿಸಿದರು. ಬೆಳಕು, ಸದ್ದು ಎರಡೂ ನಿಂತವು. ಅಭ್ಯಾಸಕ್ಕೆಂದು ಒಮ್ಮೆ ಬ್ಯಾಟು ಬೀಸಿದರೆ ಕೈಗೆ ಮೆತ್ತಗಿನದೇನೋ ತಗುಲಿತು. ತೆಗೆದು ನೋಡಿದರೆ ಅಪಾರ್ಟ್‌ಮೆಂಟ್ ಕಾರ್ಯದರ್ಶಿ ಸುಬ್ರಹ್ಮಣ್ಯ, ಒಂದು ಕೈಯಲ್ಲಿ ಹಾರ, ಇನ್ನೊಂದು ಕೆನ್ನೆಯ ಮೇಲೆ. ಹಿಂದೆ ಇಪ್ಪತ್ತು ಜನ.

“ಅತ್ತುಬಿಡಿ ಸಾರ್, ಹೊಡೀಬೇಡಿ,” ಎಂದರು ಸುಬ್ರಹ್ಮಣ್ಯ.

ಗದ್ದಲಕ್ಕೆ ಎದ್ದುಬಂದ ಕಮಲಾಕ್ಷಿ ನೆಟ್ಟಗೆ ಆ ಚಾಪೆಯ ಮೇಲೇ ಕೂತರು. “ಯಾರು ಹೋದ್ರಪ್ಪಾ?”

ಸುಬ್ರಹ್ಮಣ್ಯರ ಹಾರ ಬೆನ್ನ ಹಿಂದೆ ಸರಿಯಿತು.

“ಹೋಗಲಿ, ಬಂದೋರಿಗೆ ಕಾಫಿ ಕೊಡೋ ನಟರಾಜ.”

ಇಪ್ಪತ್ತು ಲೋಟ ತೊಳೆಯುವ ಹೊತ್ತಿಗೆ ಹನ್ನೆರಡೂವರೆ. ಓಡಿಬಂದು ಹೆಡ್‌ಸೆಟ್ ಹಾಕಿದರೆ ಆಟದ ಮೇಜಿನ ಆ ಬದಿಯಲ್ಲಿ ಯಾರೂ ಇಲ್ಲ.

“ಪಂಕಜಾ ಅವರಿಗೆ ಆಗಲೇ ಫೋನ್ ಮಾಡಿಬಿಟ್ಟೆ ಅಂಡಿ, ಅತ್ತೆ ಹೋದರು ಅಂತ,” ಎಂದರು ಉಮಾದೇವಿ, ನೆಲ ನೋಡುತ್ತ.

ಪಂಕಜಾ ಫೋನಿಗೆ ಸಿಕ್ಕಾಗ ತಾಯಿ ಮಗ ಹತ್ತಿದ್ದ ರೈಲು ಅರ್ಧ ದಾರಿಯ ರಾಜಮಂಡ್ರಿ ದಾಟಿತ್ತು. ಸಂಜೆ ಬಂದ ಪಂಕಜಾ, ಬಿಸ್ಕತ್ತು ಅದ್ದಿ ತಿನ್ನುತ್ತಿದ್ದ ಅತ್ತೆಯನ್ನು ನೋಡಿ, ಗಂಡನ ಜೊತೆ ಮಾತೇ ಆಡಲಿಲ್ಲ. ವಾಪಸ್ ರೈಲಿಗೆ ಎರಡು ಗಂಟೆ ಇತ್ತು.

“ಒಂದಾಟ ಆಡೋಣವೇನೋ?” ಎಂದರು ನಟರಾಜ.

“ನನ್ನ ಹೆಡ್‌ಸೆಟ್ ತಂದಿಲ್ಲ ನಾನ್ನಾ. ಸಾವಿನ ಮನೆಗೆ ಆಟದ ಸಾಮಾನು ತರ್ತಾರಾ?” ಸಾತ್ವಿಕ್ ಕೈ ಚಾಚಿದ. “ನಿಮ್ಮದು ಕೊಡಿ. ಪ್ರಜ್ವಲ್ ಆಡೋಕೆ ಕಾಯ್ತಿದ್ದಾನೆ.”

ಮಗ ತೆಲುಗಿನಲ್ಲಿ ಗೆಳೆಯನನ್ನು ಛೇಡಿಸುತ್ತ, ನಗುತ್ತ ಆಡತೊಡಗಿದ. ಅವನು ಇಷ್ಟು ಮಾತಾಡುವುದನ್ನು ನಟರಾಜ ಕೇಳಿಯೇ ಇರಲಿಲ್ಲ. ಗೋಡೆಗೆ ಒರಗಿ ನಿಂತರು. ಬ್ಯಾಟಿನ ಕೈ ಅವರ ಭುಜಕ್ಕೆ ಬಡಿಯಿತು.

“ನಾನ್ನಾ, ಸ್ವಲ್ಪ ಹೊರಗಿರಿ. ಜಾಗ ಸಾಲ್ತಿಲ್ಲ.”

ನಟರಾಜ ಪ್ಯಾಸೇಜಿಗೆ ಹೋಗಿ ಮಂಚದ ಮೇಲೆ ಕೂತರು.