ವರನ ಕಡೆಯವರಿಗೆ ಮುಗಿದಿದೆ

ಪಂಕ್ತಿಗೆ ಜನರನ್ನು ಕರೆಯಲು ಗಂಟಲು ಬೇಕಾಗಿಲ್ಲ, ಒಂದು ಪರದೆ ಸಾಕು ಎಂದು ನಾದಿನಿಯ ಮದುವೆಗೆ ಮೊದಲೇ ಮಾವನಿಗೆ ಭರವಸೆ ಕೊಟ್ಟವನು ನಾನೇ. ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನ ಮಾತನ್ನು ಅವರು ನಂಬಿದರು. ಅವರ ಚಿಂತೆ ಒಂದೇ: ಎನ್.ಆರ್. ಪುರದಿಂದ ಬರುವ ವರನ ಅಜ್ಜ ಮೊದಲ ಪಂಕ್ತಿಯಲ್ಲಿ ಕೂರಬೇಕು. ಅವರು ಮುನಿದರೆ ಇಡೀ ದಿಬ್ಬಣವೇ ಮುನಿದಂತೆ.

ನನ್ನ ವ್ಯವಸ್ಥೆ ಸರಳವಾಗಿತ್ತು. ಬಡಿಸುವವರ ಮುಖ್ಯಸ್ಥ, ನನ್ನ ಹೆಂಡತಿಯ ಅಣ್ಣ ರಾಘು, ಊಟದ ಹಾಲ್‌ನಲ್ಲಿದ್ದ ಲ್ಯಾಪ್‌ಟಾಪಿನ ಫೈಲಿನಲ್ಲಿ ಎರಡು ಸಾಲು ಬರೆದು ಸೇವ್ ಮಾಡಬೇಕು. ನನ್ನ ಪ್ರೋಗ್ರಾಮಿನ ಹಿಂಬದಿಯಲ್ಲಿ ಕೂತ ಒಬ್ಬ ಕಾವಲುಗಾರ, ಅಂದರೆ ಪ್ರೋಗ್ರಾಮಿನದೇ ಒಂದು ತುಣುಕು, ಆ ಫೈಲನ್ನೇ ನೋಡುತ್ತಿರುತ್ತಾನೆ. ಅದು ಬದಲಾದ ಕೂಡಲೇ ಮಂಟಪದ ಪಕ್ಕದ ಪರದೆಯನ್ನು ತಾನೇ ತಿದ್ದುತ್ತಾನೆ. ಮನೆಯಲ್ಲಿ ನಾಲ್ಕು ಸಲ ಪರೀಕ್ಷಿಸಿದ್ದೆ. ನಾಲ್ಕು ಸಲವೂ ಸರಿಯಿತ್ತು. ಹೆಂಡತಿ ಸುಮಾ ಮಾತ್ರ, "ಯಾವುದಕ್ಕೂ ಒಂದು ಮೈಕ್ ಇಟ್ಕೊಳ್ಳಿ ಮಾರಾಯ್ರೇ" ಎಂದಿದ್ದಳು.

ಬೆಳಿಗ್ಗೆಯಿಂದ ಪರದೆಯ ಮೇಲೆ "ಕಾಫಿ, ತಿಂಡಿ" ಎಂದೂ, ಅದರ ಕೆಳಗೆ "ಮುಗಿದಿದೆ" ಎಂದೂ ಇತ್ತು. ಧಾರೆಯಾಯಿತು. ರಾಘು ಮೇಲಿನ ಸಾಲಿಗೆ "ವರನ ಕಡೆಯವರಿಗೆ", ಕೆಳಗಿನದಕ್ಕೆ "ಎಲೆ ಹಾಕಿದೆ" ಎಂದು ಬರೆದು ಸೇವ್ ಒತ್ತಿದ. ಒಂದೇ ಸೇವ್‌ಗೆ ಕಾವಲುಗಾರನಿಗೆ ಮೂರು ಸಲ ಸುದ್ದಿ ಹೋಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಮೂರೂ ಸಲ ಅವನು ಓಡಿಬಂದು, ಪರದೆ ತನ್ನ ಪಾಡಿಗೆ ಅಕ್ಷರ ಮೂಡಿಸುತ್ತಿದ್ದಾಗಲೇ ನಡುವೆ ಕೈ ಹಾಕಿದ. ಮೇಲಿನ ಸಾಲು ಬದಲಾಯಿತು. ಕೆಳಗಿನದು ಬದಲಾಗಲಿಲ್ಲ. ಅಲ್ಲಿಗೆ ಪ್ರೋಗ್ರಾಮ್ ಕಲ್ಲಾಯಿತು.

"ವರನ ಕಡೆಯವರಿಗೆ ಮುಗಿದಿದೆ."

ಅದೂ ಒಂದೊಂದು ಅಡಿ ಎತ್ತರದ ಅಕ್ಷರಗಳಲ್ಲಿ!

ಅಜ್ಜ ಅದನ್ನು ಎರಡು ಸಲ ಓದಿದರು. ಶಾಲು ಹೊದ್ದುಕೊಂಡು ಎದ್ದರು. ನಾನು ಒತ್ತಿದ ಯಾವ ಗುಂಡಿಗೂ ಪರದೆ ಜಗ್ಗಲಿಲ್ಲ. ಬಾಗಿಲ ಬಳಿ ಅವರನ್ನು ತಡೆದು, ಇದರಲ್ಲಿ ಮನೆಯವರ ತಪ್ಪಿಲ್ಲ, ಹಿಂದಿದ್ದವನು ಮುಂದಿನವನ ಕೆಲಸಕ್ಕೆ ಕೈ ಹಾಕಿದ್ದರಿಂದ ಹೀಗಾಯಿತು ಎಂದು ಕ್ರಮವಾಗಿ ವಿವರಿಸಿದೆ.

"ಯಾರವ? ಕರೀರಿ ಇಲ್ಲಿಗೆ" ಎಂದರು ಅಜ್ಜ.

ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾಕೆ ನೋಡಿದೆನೋ ಈಗಲೂ ಗೊತ್ತಿಲ್ಲ.

ಅಷ್ಟರಲ್ಲಿ ಸುಮಾ ಪರದೆಯ ಪ್ಲಗ್ ಕಿತ್ತಳು. ಮಾವ ಮತ್ತು ರಾಘು ಓಡಿಬಂದು ಕೈಮುಗಿದು, ಅಜ್ಜನನ್ನು ಕೈಹಿಡಿದು ಮೊದಲ ಎಲೆಗೆ ಕರೆದೊಯ್ದರು. ಅಜ್ಜ ಎರಡನೇ ಸಲ ಪಾಯಸ ಹಾಕಿಸಿಕೊಂಡ ಮೇಲೆಯೇ ಮಾವನ ಮುಖಕ್ಕೆ ಕಳೆ ಬಂದದ್ದು.

ನಡೆದದ್ದನ್ನು ನಾನು ರಾಘುವಿಗೂ ವಿವರಿಸಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಅಲ್ಲ ಭಾವ, ಒಲೆ ಹತ್ರ ಇರೋರು ಬಂದು ಎಲೆಗೆ ಬಡಿಸ್ತಾರಾ? ಪಾತ್ರೆ ತಂದು ಬಾಗಿಲಲ್ಲಿ ಇಡ್ತಾರೆ, ಅಷ್ಟೇ. ಬಡಿಸೋನು ತನ್ನ ಸರದಿ ನೋಡಿ ತಗೊಂಡು ಹೋಗ್ತಾನೆ."

ಕಾವಲುಗಾರ ಸುದ್ದಿಯನ್ನು ಸರದಿಯಲ್ಲಿಟ್ಟು ಹೋಗಬೇಕು, ಪರದೆಯನ್ನು ಮುಟ್ಟುವವನು ಒಬ್ಬನೇ ಇರಬೇಕು. ನಾನು ಪ್ರೋಗ್ರಾಮ್ ಕಲಿತ ಪುಸ್ತಕದಲ್ಲೂ ಹಾಗೇ ಇತ್ತು, ನಾನು ಓದದೆ ಮಗುಚಿದ ಪುಟದಲ್ಲಿ.

ಎರಡನೇ ಪಂಕ್ತಿಗೆ ನನಗೆ ಉಪ್ಪು ಬಡಿಸುವ ಕೆಲಸ ಸಿಕ್ಕಿತು. ಕೆಡಿಸಲು ಅದರಲ್ಲಿ ಏನೂ ಇಲ್ಲ ಎಂದು ರಾಘು ಧೈರ್ಯ ಹೇಳಿದ. ಆದರೂ ಒಂದೇ ಎಲೆಗೆ ಮೂರು ಸಲ ಹಾಕಿದೆ. ಎಲೆಯ ಮುಂದೆ ಕುಳಿತಿದ್ದವಳು ಸುಮಾ. ಅವಳು ನನ್ನ ಕೈಯಿಂದ ಉಪ್ಪಿನ ಪಾತ್ರೆಯನ್ನು ಮೆಲ್ಲಗೆ ತೆಗೆದುಕೊಂಡಳು.